ಅಗಾಪೆ ಎಂಬುದು ಯಾವ ಪ್ರೀತಿ?

ಕ್ರೈಸ್ತ ಮದುವೆಯ ಪ್ರಸಂಗಗಳಲ್ಲಿ, ಯುವಜನರ ಕೂಟಗಳಲ್ಲಿ, ಈಚೆಗೆ ವಾಟ್ಸಾಪ್ ಸಂದೇಶಗಳಲ್ಲೂ ಒಂದು ಪಾಠ ಮತ್ತೆ ಮತ್ತೆ ಕೇಳಿಬರುತ್ತದೆ. ಗ್ರೀಕರಲ್ಲಿ ಪ್ರೀತಿಗೆ ನಾಲ್ಕು ಪದಗಳಿದ್ದವಂತೆ: ಎರೋಸ್ ಎಂದರೆ ಕಾಮ, ಸ್ಟೋರ್ಗೆ ಎಂದರೆ ಮನೆಮಂದಿಯ ಮಮತೆ, ಫಿಲಿಯಾ ಎಂದರೆ ಸ್ನೇಹ, ಅಗಾಪೆ ಎಂದರೆ ಏನನ್ನೂ ಬಯಸದ ದೈವಪ್ರೀತಿ. ಮೊದಲ ಮೂರು ಮನುಷ್ಯರವು, ಕೊನೆಯದು ದೇವರದು. ಕೇಳಲು ಚೆಂದ, ನೆನಪಿಡಲು ಸುಲಭ. ಆದರೆ ಬೈಬಲಿನ ಗ್ರೀಕ್ ಪಠ್ಯ ಈ ಮೇಲುಕೀಳನ್ನು ಒಪ್ಪುವುದಿಲ್ಲ. ಅಗಾಪೆ ಎಂಬ ಪದದೊಳಗೆ ಪವಿತ್ರವಾದದ್ದೇನೂ ಮೊದಲೇ ಕೂತಿರಲಿಲ್ಲ. ಅದಕ್ಕೆ ತೂಕ ಬಂದದ್ದು ಅದನ್ನು ಬಳಸಿದವರು ಏನು ಹೇಳಿದರು, ಹೇಗೆ ಬಾಳಿದರು ಎಂಬುದರಿಂದ.

ಹಳೆ ಒಡಂಬಡಿಕೆಯ ಗ್ರೀಕ್ ಅನುವಾದವನ್ನು ನೋಡಿ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಯೆಹೂದ್ಯರ ನಡುವೆ ಶುರುವಾದ ಈ ಅನುವಾದದ ಹೆಸರು ಸೆಪ್ಟುಅಜಿಂಟ್. ಹೊಸ ಒಡಂಬಡಿಕೆಯನ್ನು ಬರೆದವರು ಶಾಸ್ತ್ರವಚನಗಳನ್ನು ಎತ್ತಿಕೊಂಡದ್ದು ಹೆಚ್ಚಾಗಿ ಇದರಿಂದಲೇ. ಅದರಲ್ಲಿ, ಸಮುವೇಲನ ಎರಡನೆಯ ಪುಸ್ತಕದ 13ನೇ ಅಧ್ಯಾಯದಲ್ಲಿ, ದಾವೀದನ ಮಗ ಅಮ್ನೋನನ ಕಥೆ ಬರುತ್ತದೆ. ಅವನಿಗೆ ಮಲತಂಗಿ ತಾಮಾರಳ ಮೇಲೆ ಮೋಹ. ಕಾಯಿಲೆಯ ನೆಪ ಹೂಡಿ ಮಲಗುತ್ತಾನೆ. ತಂಗಿಯೇ ಬಂದು ರೊಟ್ಟಿ ಮಾಡಿಕೊಡಲಿ ಎಂದು ತಂದೆಯಿಂದಲೇ ಹೇಳಿಸುತ್ತಾನೆ. ಅವಳು ಬಂದು ಹಿಟ್ಟು ನಾದಿ ಅವನ ಕಣ್ಣೆದುರೇ ಸುಡುತ್ತಾಳೆ. ಅವನು ಉಳಿದವರನ್ನೆಲ್ಲ ಹೊರಗೆ ಕಳಿಸಿ ಅವಳನ್ನು ಹಿಡಿಯುತ್ತಾನೆ. ಬೇಡವೆಂದು ಅವಳು ಎಷ್ಟು ಬೇಡಿಕೊಂಡರೂ ಕೇಳದೆ ಬಲಾತ್ಕಾರ ಮಾಡುತ್ತಾನೆ. ಆಮೇಲೆ ಆಳಿನ ಕೈಯಲ್ಲಿ ಅವಳನ್ನು ಹೊರದಬ್ಬಿಸಿ ಬಾಗಿಲು ಹಾಕಿಸುತ್ತಾನೆ. ಮೊದಲಿದ್ದ ಪ್ರೀತಿಗಿಂತ ಈಗ ಹುಟ್ಟಿದ ದ್ವೇಷವೇ ಹೆಚ್ಚಾಯಿತು ಎನ್ನುತ್ತದೆ 15ನೇ ವಚನ. ಆ ಪ್ರೀತಿಗೆ ಅನುವಾದಕ ಇಟ್ಟ ಪದ ಅಗಾಪೆ. ಹೀಬ್ರೂ ಭಾಷೆಯ ‘ಅಹಬಾ’ಕ್ಕೆ ಸಹಜವಾಗಿ ಒದಗಿದ ಗ್ರೀಕ್ ಪದ ಅದು. ಪರಮಗೀತದ ಪ್ರೇಮಿಗಳ ಒಲವಿಗೂ ಅದೇ ಪದ ಬಂದಿದೆ. ಪದದಲ್ಲೇ ದೈವತ್ವ ಇದ್ದಿದ್ದರೆ ಅದು ಅಮ್ನೋನನ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ.

ಹೊಸ ಒಡಂಬಡಿಕೆಯಲ್ಲೂ ಅಷ್ಟೇ. ಫರಿಸಾಯರು ಸಭಾಮಂದಿರದ ಮುಂದಿನ ಪೀಠಗಳನ್ನು ಪ್ರೀತಿಸುವುದು (ಲೂಕ 11:43), ಜನ ಬೆಳಕನ್ನು ಬಿಟ್ಟು ಕತ್ತಲೆಯನ್ನು ಪ್ರೀತಿಸುವುದು (ಯೋಹಾನ 3:19), ದೇಮ ಎಂಬವನು ಇಹಲೋಕದ ಮೇಲಿನ ಪ್ರೀತಿಯಿಂದ ಪೌಲನನ್ನು ಬಿಟ್ಟುಹೋಗುವುದು (2 ತಿಮೊಥೆ 4:10), ಎಲ್ಲಕ್ಕೂ ‘ಅಗಪಾವೊ’ ಎಂಬ ಕ್ರಿಯಾಪದ. ಇತ್ತ ಯೋಹಾನ 5:20ರಲ್ಲಿ ತಂದೆಯಾದ ದೇವರು ಮಗನನ್ನು ಪ್ರೀತಿಸುವುದಕ್ಕೆ ‘ಫಿಲೆಯೊ’ ಬರುತ್ತದೆ, ಬರೀ ಸ್ನೇಹದ್ದೆಂದು ನಮಗೆ ಕಲಿಸಿದ ಪದ. ಎರೋಸ್ ಮತ್ತು ಸ್ಟೋರ್ಗೆ ಎಂಬ ನಾಮಪದಗಳಂತೂ ಹೊಸ ಒಡಂಬಡಿಕೆಯಲ್ಲಿ ಒಮ್ಮೆಯೂ ಬರುವುದಿಲ್ಲ.

ನಾನು ಗೌರವಿಸುವ ಪ್ರತಿವಾದ ಒಂದಿದೆ. ಸ್ವೀಡನ್ನಿನ ದೇವತಾಶಾಸ್ತ್ರಜ್ಞ ಆಂಡರ್ಸ್ ನೀಗ್ರೆನ್ 1930ರ ದಶಕದಲ್ಲಿ ಎರೋಸ್ ಮತ್ತು ಅಗಾಪೆಗಳ ಮೇಲೆ ದೊಡ್ಡ ಗ್ರಂಥ ಬರೆದರು. ಎರೋಸ್ ತನ್ನ ಕೊರತೆಯನ್ನು ತುಂಬಿಕೊಳ್ಳಲು ಮೇಲಕ್ಕೇರುವ ಹಂಬಲ. ಅಗಾಪೆ ಯೋಗ್ಯತೆಯನ್ನು ನೋಡದೆ ಕೆಳಗಿಳಿದು ಬರುವ ಕೊಡುಗೆ ಎಂಬುದು ಅವರ ವಾದ. ಅವರು ಗುರುತಿಸಿದ ವ್ಯತ್ಯಾಸ ನಿಜವಾದದ್ದು. ಯೋಗ್ಯತೆ ಕೇಳದ ಪ್ರೀತಿಯೇ ಸುವಾರ್ತೆಯ ಹೃದಯ. ಹೊರಗಿನ ಗ್ರೀಕ್ ಬರಹಗಳಲ್ಲಿ ವಿರಳವಾಗಿದ್ದ ಅಗಾಪೆ ಎಂಬ ನಾಮಪದವನ್ನು ಆದಿ ಕ್ರೈಸ್ತರು ಮನಸಾರೆ ಎತ್ತಿಕೊಂಡು ಮೆರೆಸಿದ್ದೂ ನಿಜ. ಆದರೆ ಆ ಸತ್ಯ ಶಿಲುಬೆಯ ಕಥೆಯಿಂದ ಬಂದದ್ದು, ಪದಕೋಶದಿಂದಲ್ಲ. 1933ರಿಂದ ಜರ್ಮನಿಯಲ್ಲಿ ಗೆರ್ಹಾರ್ಡ್ ಕಿಟೆಲ್ ಸಂಪಾದಕತ್ವದಲ್ಲಿ (ನಮ್ಮ ಕನ್ನಡ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಬೇರೆ, ಇವರು ಬೇರೆ) ಹೊರಬಂದ ಹೊಸ ಒಡಂಬಡಿಕೆಯ ದೇವತಾಶಾಸ್ತ್ರದ ನಿಘಂಟು ಒಂದೊಂದು ಪದಕ್ಕೂ ಒಂದೊಂದು ಸಿದ್ಧಾಂತವನ್ನೇ ಹೊರಿಸಿತು. 1961ರಲ್ಲಿ ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ ಈ ಪದ್ಧತಿಯ ಬುಡವನ್ನೇ ಅಲುಗಾಡಿಸಿದರು: ಅರ್ಥ ಹುಟ್ಟುವುದು ವಾಕ್ಯದಲ್ಲಿ, ಬಿಡಿ ಪದದಲ್ಲಿ ಅಲ್ಲ. ನಿಘಂಟುಕಾರರಿಗೆ ತಲುಪಿದ ಆ ಮಾತು ಪ್ರಸಂಗಪೀಠಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಇನ್ನು, ಗ್ರೀಕ್ ಎಂಬುದು ದೇವರೇ ಆರಿಸಿಕೊಂಡ ಭಾಷೆ, ಅದರ ಪದಗಳಲ್ಲಿ ಗುಟ್ಟುಗಳಿವೆ ಎನ್ನುವವರ ಜೊತೆ ವಾದಕ್ಕೆ ಜಾಗವಿಲ್ಲ.

ಯೋಹಾನನ 21ನೇ ಅಧ್ಯಾಯವನ್ನು ಎಲ್ಲರೂ ಎತ್ತುತ್ತಾರೆ. ಪುನರುತ್ಥಾನದ ನಂತರ ಯೇಸು ನನ್ನನ್ನು ಪ್ರೀತಿಸುತ್ತೀಯಾ ಎಂದು ಪೇತ್ರನನ್ನು ಮೂರು ಸಲ ಕೇಳುತ್ತಾನೆ. ಮೊದಲೆರಡು ಸಲ ಅಗಪಾವೊ, ಪೇತ್ರನ ಉತ್ತರದಲ್ಲಿ ಫಿಲೆಯೊ, ಮೂರನೆಯ ಸಲ ಯೇಸುವಿನ ಬಾಯಲ್ಲೂ ಫಿಲೆಯೊ. ಯೇಸು ದೈವಪ್ರೀತಿ ಕೇಳಿದ, ಪೇತ್ರ ಸ್ನೇಹ ಮಾತ್ರ ಕೊಟ್ಟ, ಕೊನೆಗೆ ಯೇಸುವೇ ಅವನ ಮಟ್ಟಕ್ಕೆ ಇಳಿದ ಎಂದು ವಿವರಿಸುವುದು ವಾಡಿಕೆ. ಆದರೆ ಅದೇ ವಚನಗಳಲ್ಲಿ ಯೋಹಾನ ಕುರಿಮರಿ ಎಂದದ್ದನ್ನು ಕುರಿ ಎನ್ನುತ್ತಾನೆ, ಮೇಯಿಸು ಎಂದದ್ದನ್ನು ಕಾಯಿ ಎನ್ನುತ್ತಾನೆ, ತಿಳಿ ಎಂಬುದಕ್ಕೂ ಎರಡು ಕ್ರಿಯಾಪದಗಳನ್ನು ಬಳಸುತ್ತಾನೆ. ಅವುಗಳ ಮೇಲೆ ಈ ಪ್ರಸಂಗಗಳು ಸಾಮಾನ್ಯವಾಗಿ ಸಿದ್ಧಾಂತ ಕಟ್ಟುವುದಿಲ್ಲ. ಪದಗಳನ್ನು ಬದಲಿಸಿ ಹೇಳುವುದು ಈ ಬರಹಗಾರನ ರೂಢಿ. ಪೇತ್ರನಿಗೆ ನೋವಾದದ್ದು ಮೂರನೆಯ ಸಲವೂ ಕೇಳಿದ್ದಕ್ಕೆ ಎಂದು ಪಠ್ಯವೇ ಬಿಡಿಸಿ ಹೇಳುತ್ತದೆ. ಯೇಸು ಬಂಧಿತನಾದ ರಾತ್ರಿ ಅವನನ್ನು ಅರಿಯೆನೆಂದು ಪೇತ್ರ ಹೇಳಿದ್ದೂ ಮೂರು ಸಲ. ಆ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಅವನು ಚಳಿ ಕಾಯಿಸಿಕೊಳ್ಳುತ್ತ ನಿಂತದ್ದು ಇದ್ದಿಲ ಬೆಂಕಿಯ ಬಳಿ. ಈಗ ಸರೋವರದ ದಡದಲ್ಲಿ ಯೇಸು ಮೀನು ಸುಟ್ಟು ಕಾದಿರುವುದೂ ಇದ್ದಿಲ ಬೆಂಕಿಯ ಬಳಿ. ಇದ್ದಿಲ ಬೆಂಕಿಗೆ ಇರುವ ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಕ್ಷಮೆ ಇರುವುದು ಆ ಬೆಂಕಿಯಲ್ಲಿ, ಆ ಮೂರು ಪ್ರಶ್ನೆಗಳಲ್ಲಿ, ಕುರಿಗಳನ್ನು ನಂಬಿ ಒಪ್ಪಿಸಿದ್ದರಲ್ಲಿ. ಕ್ರಿಯಾಪದಗಳನ್ನು ತೂಗುತ್ತ ಕೂತವರಿಗೆ ಇದು ಕಾಣದೇ ಹೋಗುತ್ತದೆ.

ಇದು ಪಂಡಿತರ ತಕರಾರು ಮಾತ್ರ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಈ ನಾಲ್ಕು ಮೆಟ್ಟಿಲಿನ ಪಾಠದಿಂದ ತಾಯಿಯ ಮಮತೆ, ಗೆಳೆತನ, ಗಂಡಹೆಂಡಿರ ಒಲವು ಎಲ್ಲವೂ ಕೆಳಗಿನವು, ದೇವರಿಗೆ ದೂರದವು ಎಂದಾಗುತ್ತದೆ. ಎದುರಿಗಿರುವವನ ಮೇಲೆ ಎಳ್ಳಷ್ಟೂ ಅಕ್ಕರೆಯಿಲ್ಲದೆ, ನಿನ್ನ ಮೇಲೆ ನನಗಿರುವುದು ಅಗಾಪೆ ಎಂದುಬಿಡಲು ದಾರಿಯಾಗುತ್ತದೆ. ಇದಕ್ಕಿಂತ ಕೆಟ್ಟದ್ದೂ ಇದೆ. ಹೊಡೆಯುವ ಗಂಡನ ಕೈಯಲ್ಲಿ ನಲುಗುತ್ತಿರುವ ಹೆಂಗಸಿಗೆ, ಅಗಾಪೆ ಎಂದರೆ ಷರತ್ತಿಲ್ಲದ್ದು, ತಾಳಿಕೋ ಎಂದು ಉಪದೇಶ ಮಾಡುತ್ತಾರೆ. ಇಂಥವರು ದೇವರ ಹೆಸರಿನಲ್ಲಿ ತಾಮಾರಳನ್ನು ಮತ್ತೆ ಅದೇ ಕೋಣೆಗೆ ಕಳಿಸುತ್ತಿದ್ದಾರೆ. ಪದದ ಮಹಿಮೆ ಹಾಡುತ್ತ ಮನುಷ್ಯರನ್ನು ಮರೆಯುವ ಈ ಪಾಂಡಿತ್ಯ ನನಗೆ ಪಾಪವಾಗಿಯೇ ಕಾಣುತ್ತದೆ.

ಪೌಲನ ಹಾದಿ ಬೇರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ ಅವನು ಅಗಾಪೆಯನ್ನು ಬಣ್ಣಿಸುವಾಗ, 4ರಿಂದ 7ರವರೆಗಿನ ವಚನಗಳ ಗ್ರೀಕ್ ಪಠ್ಯದಲ್ಲಿ ಗುಣವಾಚಕಗಳಿಲ್ಲ, ಇರುವುದೆಲ್ಲ ಕ್ರಿಯಾಪದಗಳು. ಅವನಿಗೆ ಅಗಾಪೆ ಎಂಬುದು ಮಾಡುವ ಮತ್ತು ಮಾಡದಿರುವ ಕೆಲಸಗಳ ಸಾಲು. ಆ ಮಾತು ಮದುವೆಗೆಂದು ಬರೆದದ್ದಲ್ಲ, ಒಡೆದುಹೋಗುತ್ತಿದ್ದ ಒಂದು ಸಭೆಗೆ ಬರೆದದ್ದು. ಎರಡು ಅಧ್ಯಾಯ ಹಿಂದೆ ಹೋದರೆ ಕಾರಣ ಸಿಗುತ್ತದೆ. ಕರ್ತನ ಭೋಜನಕ್ಕೆ ಸೇರಿದಾಗ ಅಲ್ಲಿ ಕೆಲವರು ತಮ್ಮ ಪಾಲನ್ನು ಮುಂಚೆಯೇ ಉಂಡು ಕುಡಿದು ಅಮಲೇರಿಸಿಕೊಳ್ಳುತ್ತಿದ್ದರು; ಇಲ್ಲದವರು ಹಸಿದು ನಾಚಿಕೊಂಡು ಕೂರಬೇಕಾಗಿತ್ತು. ಯೂದನ ಪತ್ರದ 12ನೇ ವಚನದಲ್ಲಿ ಅಗಾಪೆ ಎಂಬ ಪದ ಬಹುವಚನದಲ್ಲಿ ಬರುತ್ತದೆ, ಅಲ್ಲಿ ಅದರ ಅರ್ಥ ವಿಶ್ವಾಸಿಗಳ ಸಹಪಂಕ್ತಿ ಊಟ. ಕೊರಿಂಥದವರಿಗೆ ಪೌಲ ಕೊಟ್ಟ ಆಜ್ಞೆಯೂ ಊಟದ್ದೇ: ಉಣ್ಣಲು ಕೂಡಿದಾಗ ಎಲ್ಲರೂ ಬರುವವರೆಗೆ ಕಾಯಬೇಕು, ಹಸಿವು ತಡೆಯದವನು ಮನೆಯಲ್ಲೇ ಉಂಡು ಬರಲಿ.