ಮನೆಯ ಮೇಲೆ ಹೊರಿಸಿದ ತಪ್ಪು

ನಮ್ಮವರು ಹದಿನೇಳು ವರ್ಷ ಸೈನ್ಯದಲ್ಲಿದ್ದು, ಈಗ ಬೊಮ್ಮಸಂದ್ರದ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುತ್ತಾರೆ. ಮೊನ್ನೆ ರಾತ್ರಿಪಾಳಿ ಮುಗಿಸಿ ಬಂದವರು ಪೇಪರು ಮಡಿಸಿಟ್ಟು, ಕಾಫಿ ಮುಟ್ಟದೆ ಕೂತರು. ಯಾವುದೋ ಶಿಬಿರದಲ್ಲಿ ಯೋಧನೊಬ್ಬನ ಆತ್ಮಹತ್ಯೆ. ಕಡೆಯ ಸಾಲು ಎಂದಿನದೇ: ಕೌಟುಂಬಿಕ ಕಲಹ ಕಾರಣವೆಂದು ಶಂಕೆ.

ನನ್ನ ಸಿಟ್ಟೆಲ್ಲ ಆ ಸಾಲಿನ ಮೇಲೆ. 2022ರಲ್ಲಿ ಸರ್ಕಾರ ರಾಜ್ಯಸಭೆಗೆ ಕೊಟ್ಟ ಲೆಕ್ಕದಂತೆ, ಹಿಂದಿನ ಐದು ವರ್ಷಗಳಲ್ಲಿ ಮೂರೂ ಪಡೆಗಳಿಂದ 819 ಮಂದಿ ಹೀಗೆ ಹೋದರು, ಭೂಸೇನೆಯಲ್ಲೇ 642. ಇವರೆಲ್ಲರ ಸಾವನ್ನು ಹೆಂಡತಿಯ ಬಾಯಿಗೆ ಕಟ್ಟಿ ಕೈತೊಳೆದುಕೊಳ್ಳಬಹುದೆ? ಸಿಗದ ರಜೆ, ನಿದ್ದೆಗೆಟ್ಟ ರಾತ್ರಿ, ಎಲ್ಲರೆದುರಿನ ಅವಮಾನ, ಸಾಲ, ಕುಡಿತ ಇವೆಲ್ಲ ಲೆಕ್ಕಕ್ಕಿಲ್ಲವೆ?

ನಮ್ಮವರು ಗಡಿಯಲ್ಲಿದ್ದಾಗ ದಾಯಾದಿಗಳು ಊರಿನ ಹೊಲ ಒತ್ತಿಕೊಂಡರು. ಅರ್ಜಿ ಹಿಡಿದು ಕಚೇರಿಗೆ ಮೂರು ಸಲ ಹೋದೆ. "ಯಜಮಾನರನ್ನೇ ಕಳಿಸಮ್ಮ" ಎಂದರು. ಎಲ್ಲಿಂದ ಕಳಿಸಲಿ? ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸಿಪಾಯಿಯ ಮೊಕದ್ದಮೆಗೆ ರಕ್ಷಣೆ ಕೊಡುವ ಕಾಯಿದೆ 1925ರಷ್ಟು ಹಿಂದಿನದು. ಅದನ್ನು ಹೇಳುವವರೂ ಇರಲಿಲ್ಲ. ಆಗ ತಮಗೆ ಬದುಕೇ ಬೇಡವೆನ್ನಿಸಿತ್ತು ಎಂದು ಅವರು ಬಾಯಿಬಿಟ್ಟಿದ್ದು ಎಷ್ಟೋ ವರ್ಷಗಳ ಮೇಲೆ.

ಉಳಿಸಿದ್ದು ಯಾವುದು? ಊಟ ಬಿಟ್ಟದ್ದನ್ನು ಸುಬೇದಾರರೊಬ್ಬರು ಗಮನಿಸಿದರು. "ಸಾಯಬೇಕೆನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿದರು. ಬಂದೂಕಿನ ಪಹರೆಯಿಂದ ಕೆಲಕಾಲ ಬಿಡಿಸಿ, ವೈದ್ಯರ ಬಳಿ ಕರೆದೊಯ್ದು, ರಜೆ ಕೊಡಿಸಿದರು. ಇತ್ತ ನನ್ನಣ್ಣ ಹೊಲದ ವ್ಯಾಜ್ಯ ಹೆಗಲಿಗೆ ಹಾಕಿಕೊಂಡ. ಆ ರಜೆಯ ದಿನಗಳಲ್ಲಿ ಮನೆಯೇ ಅವರಿಗೆ ಆಸರೆಯಾಯಿತು, ಪೇಪರಿನವರು ಕಾರಣವೆನ್ನುವ ಅದೇ ಮನೆ.

ಯೋಗ, ಧ್ಯಾನ ಬೇಡವೆನ್ನುವುದಿಲ್ಲ. ಆದರೆ ಬೇಕಾದಾಗ ರಜೆ ಸಿಗದಿದ್ದರೆ, ಮನಸ್ಸಿನ ಮಾತು ಆಡಿದರೆ ಬಡ್ತಿ ತಪ್ಪೀತೆಂಬ ಭಯ ಹೋಗದಿದ್ದರೆ, ಅವಷ್ಟರಿಂದಲೇ ಏನಾದೀತು? ನಮ್ಮದೂ ತಪ್ಪಿದೆ. "ಗಂಡಸಾಗಿ ಅಳ್ತೀಯಾ?" ಎಂದು ಮಗನ ಬಾಯಿ ಮುಚ್ಚಿಸುವವರು ನಾವೇ ಅಲ್ಲವೆ?

ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂದು ಹೆದರಬೇಡಿ. ಕೇಳಿದರೆ ಎದೆಯ ಭಾರ ಇಳಿಯುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕಾಸಿಲ್ಲದೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. 2023ರ ಡಿಸೆಂಬರಿನಲ್ಲಿ ಸೈನಿಕರಿಗೆಂದೇ ಪುಣೆಯಲ್ಲಿ ಅದರ ಪ್ರತ್ಯೇಕ ಘಟಕವೂ ತೆರೆಯಿತು.

ಅಂದು ಕಾಫಿ ಮತ್ತೆ ಬಿಸಿಮಾಡಿ ತಂದು ಪಕ್ಕದಲ್ಲಿ ಕೂತೆ. "ನಿಮಗೆ ಈಗ ಹೇಗಿದೆ?" ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತಾಡಿದರು.