ಗುಬ್ಬಕ್ಕನ ಮನೆ ಕಲ್ಲಿನದೋ, ಮೇಣದ್ದೋ?

ದೆಹಲಿಗೆ ಬಂದು ಮೂವತ್ತು ವರ್ಷ ದಾಟಿತು. ಈಗ ವಸಂತ್ ಕುಂಜಿನ ಫ್ಲಾಟಿನಲ್ಲಿ ಐದು ವರ್ಷದ ಮೊಮ್ಮಗಳಿಗೆ ಕಥೆ ಹೇಳುವುದೇ ನನ್ನ ಡ್ಯೂಟಿ. ಕಾಗಕ್ಕ ಗುಬ್ಬಕ್ಕನ ಕಥೆ ನಿಮಗೂ ಗೊತ್ತಲ್ಲ? ಕಾಗಕ್ಕನ ಸಗಣಿ ಮನೆ ಮಳೆಗೆ ಕರಗುತ್ತೆ. ಕಲ್ಲಿನ ಮನೆಯ ಗುಬ್ಬಕ್ಕ ‘ತಾಳು, ಮಗೂಗೆ ಸ್ನಾನ ಮಾಡಿಸ್ತಿದ್ದೀನಿ’ ಅಂತ ಬಾಗಿಲು ತೆಗೆಯೋದೇ ಇಲ್ಲ.

ಮೊನ್ನೆ ಪಕ್ಕದ ಮನೆಯ ಮರಾಠಿ ಅಜ್ಜಿಯೂ ಇದೇ ಕಥೆ ಹೇಳಿದರಂತೆ. ಅಲ್ಲಿ ಗುಬ್ಬಿಯದು ಮೇಣದ ಮನೆ! ಮರಾಠಿಯಲ್ಲಿ ಸಗಣಿಗೆ ಶೇಣ್, ಮೇಣಕ್ಕೆ ಮೇಣ್. ಪ್ರಾಸಕ್ಕೆ ಕಟ್ಟಿದ ಮನೆ ಅನ್ನಿ. ಹಿಂದಿಯವರ ಕಥೆಯಲ್ಲೋ ಗುಬ್ಬಿ ಅಕ್ಕಿಕಾಳು ತಂದರೆ ಕಾಗೆ ಬೇಳೆಕಾಳು ತಂದು ಖಿಚಡಿ ಮಾಡುತ್ತವೆ.

‘ಮಗು ಗೊಂದಲ ಮಾಡ್ಕೊಳ್ಳುತ್ತೆ, ನಮ್ಮದಷ್ಟೇ ಹೇಳಿ’ ಅಂತಾನೆ ಮಗ. ನಾನು ಒಪ್ಪಲಾರೆ. ಏನು ಕೇಳಿದರೂ ಹಿಂದಿಯಲ್ಲೇ ಉತ್ತರಿಸುವ ಹುಡುಗಿ ಅವತ್ತು ‘ತಾತ, ಮೇಣ ಬಿಸಿಲಿಗೆ ಕರಗಲ್ವಾ?’ ಅಂತ ಕನ್ನಡದಲ್ಲೇ ಜಗಳಕ್ಕೆ ನಿಂತಳು. ದೆಹಲಿಯ ಮೇ ತಿಂಗಳು ಕಂಡವಳಲ್ಲವೇ!

ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಭವನ ಇಲ್ಲೇ ವಸಂತ್ ಕುಂಜಿನಲ್ಲಿದೆ; ಕನ್ನಡದಲ್ಲೂ ಮಕ್ಕಳ ಪುಸ್ತಕ ತರುತ್ತಾರೆ. ಓದಿಕೊಳ್ಳಿ, ಆಮೇಲೆ ಪುಸ್ತಕ ಮುಚ್ಚಿ, ಯಾರ ಕಥೆಯಾದರೂ ಕನ್ನಡದಲ್ಲಿ ಬಾಯಲ್ಲೇ ಹೇಳಿ. ಸಿಂಡ್ರೆಲಾ ಕೇಳಿದ ಮಗುವಿಗೆ ಮಣ್ಣಿನ ಮುಖವಾಡ ತೊಟ್ಟ ನಮ್ಮ ‘ಹಂಚಿ’ಯ ಕಥೆಯೂ ಗೊತ್ತಿರಲಿ. ಎ.ಕೆ. ರಾಮಾನುಜನ್ ಅವಳನ್ನು ಕನ್ನಡದ ಸಿಂಡ್ರೆಲಾ ಎಂದೇ ಕರೆದಿದ್ದರು. ಕೊನೆಗೆ ‘ಇದರ ನೀತಿ ಏನು ಪುಟ್ಟಾ?’ ಅಂತ ಮಾತ್ರ ಕೇಳಬೇಡಿ.

ನಿನ್ನೆ ಅವಳೇ ನನಗೆ ಕಥೆ ಹೇಳಿದಳು. ಗುಬ್ಬಕ್ಕ ಬಾಗಿಲು ತೆಗೆದು ಖಿಚಡಿ ಬಡಿಸಿದಳಂತೆ. ಉಪ್ಪಿನಕಾಯಿ ಎಲ್ಲಿ ಅಂದಳಂತೆ ಕಾಗಕ್ಕ.