ಹಳಿ ಬೇಕೆ, ದಾರಿ ಬೇಕೆ?

ಹಳತಾದ ನಗರಭಾಗವನ್ನು ಹೊಸದಾಗಿ ಕಟ್ಟಬೇಕಾದಾಗ ಮೊದಲು ಏಳುವ ಪ್ರಶ್ನೆ ಸಂಚಾರದ್ದು. ಬೀದಿಯಲ್ಲಿ ಉಕ್ಕಿನ ಹಳಿ ಹಾಸಿ ಟ್ರಾಂ ಗಾಡಿಯನ್ನು ಓಡಿಸಬೇಕೆಂಬುದು ಒಂದು ಪಕ್ಷ. ರಬ್ಬರ್ ಚಕ್ರದ ನೀಳವಾದ ವಾಹನವನ್ನು ಹಳಿಯ ಹಂಗಿಲ್ಲದೆ ಓಡಿಸಿದರೆ ಸಾಕೆಂಬುದು ಇನ್ನೊಂದು ಪಕ್ಷ. ಚೀನಾದ ಝೂಝೌ ನಗರದಲ್ಲಿ ೨೦೧೭ರಲ್ಲಿ ಪ್ರದರ್ಶಿತವಾದ ಹಳಿಯಿಲ್ಲದ ಟ್ರಾಂ ಎರಡನೆಯ ಪಕ್ಷಕ್ಕೆ ಹೊಸ ಬಲವನ್ನು ತಂದಿದೆ. ಮೂರು ಡಬ್ಬಿಗಳ, ಸುಮಾರು ೩೨ ಮೀಟರು ಉದ್ದದ ಆ ವಾಹನವು ರಸ್ತೆಯ ಮೇಲೆ ಬಳಿದ ಗೆರೆಗಳನ್ನು ಗುರುತಿಸಿ ಅದೇ ಜಾಡಿನಲ್ಲಿ ಸಾಗುತ್ತದೆ. ಈ ವಿವಾದದಲ್ಲಿ ಭೌತಶಾಸ್ತ್ರವು ಹೇಳಬಲ್ಲದ್ದೇನು, ಹೇಳಲಾರದ್ದೇನು ಎಂಬುದನ್ನು ಬಿಡಿಸಿ ನೋಡುವುದು ಅವಶ್ಯಕ.

ಹಳಿಯ ಪರವಾದ ವಾದದಿಂದ ಆರಂಭಿಸೋಣ. ಭಾರದ ಅಡಿಯಲ್ಲಿ ಉಕ್ಕಿನ ಚಕ್ರವಾಗಲಿ ಹಳಿಯಾಗಲಿ ಆಕಾರಗೆಡುವುದು ಅತ್ಯಲ್ಪ. ರಬ್ಬರ್ ಟೈರಾದರೋ ನೆಲ ಮುಟ್ಟಿದಲ್ಲೆಲ್ಲ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಪ್ರತಿ ಸಲವೂ ಶಕ್ತಿಯ ಒಂದಂಶ ಶಾಖವಾಗಿ ನಷ್ಟವಾಗುತ್ತದೆ. ಆದಕಾರಣ ೪೦ ಟನ್ ತೂಕದ ವಾಹನವನ್ನು ಸಮತಟ್ಟಾದ ಹಳಿಯ ಮೇಲೆ ಉರುಳಿಸಲು ಸುಮಾರು ೮೦೦ ನ್ಯೂಟನ್ ಬಲ ಸಾಕಾದರೆ, ಡಾಂಬರು ರಸ್ತೆಯ ಮೇಲೆ ಟೈರುಗಳಿಂದ ಉರುಳಿಸಲು ಸುಮಾರು ೪,೦೦೦ ನ್ಯೂಟನ್ ಬೇಕು. ಐದು ಪಟ್ಟು ಅಂತರ!

ಆದರೆ ನಗರದ ಗಾಡಿ ನಿಲ್ಲದೆ ಓಡುವುದಿಲ್ಲ. ೫೦೦ ಮೀಟರಿಗೊಂದು ನಿಲ್ದಾಣವಿದ್ದು, ಪ್ರತಿ ಸಲವೂ ಗಾಡಿ ಗಂಟೆಗೆ ೩೬ ಕಿಲೊಮೀಟರು ವೇಗವನ್ನು ಪಡೆಯಬೇಕೆಂದಿಟ್ಟುಕೊಳ್ಳಿ. ಆ ವೇಗದಲ್ಲಿ ಅದರ ಚಲನಶಕ್ತಿ ೨೦ ಲಕ್ಷ ಜೂಲ್. ಚಕ್ರ ಯಾವುದಾದರೂ ಈ ವೆಚ್ಚ ತಪ್ಪಿದ್ದಲ್ಲ. ೫೦೦ ಮೀಟರು ಉರುಳುವುದಕ್ಕೆ ಹಳಿಯ ಮೇಲೆ ೪ ಲಕ್ಷ ಜೂಲ್, ರಸ್ತೆಯ ಮೇಲೆ ೨೦ ಲಕ್ಷ ಜೂಲ್. ಸ್ಥೂಲವಾಗಿ ಕೂಡಿಸಿದರೆ ಒಂದು ಕಡೆ ೨೪ ಲಕ್ಷ, ಇನ್ನೊಂದು ಕಡೆ ೪೦ ಲಕ್ಷ. ಐದು ಪಟ್ಟಿದ್ದ ಅಂತರ ಎರಡು ಪಟ್ಟಿಗೂ ಕೆಳಗಿಳಿಯಿತು. ಬ್ರೇಕು ಹಾಕುವಾಗ ಮೋಟಾರನ್ನೇ ಡೈನಮೊ ಆಗಿಸಿ ಚಲನಶಕ್ತಿಯ ಭಾಗವನ್ನು ಮರಳಿ ಪಡೆದರೆ ಹಳಿಯ ಮೇಲುಗೈ ಮತ್ತೆ ಕೊಂಚ ಹೆಚ್ಚೀತು. ಅಂತೂ ಹಳಿಯ ಲಾಭ ನಿಜವಾದುದು, ಆದರೆ ಅಪಾರವಾದುದಲ್ಲ.

ರಬ್ಬರಿಗೂ ತನ್ನದೇ ಆದ ಗುಣದೋಷಗಳಿವೆ. ಅದರ ಹಿಡಿತ ಬಲವಾದುದರಿಂದ ವಾಹನ ಏರನ್ನು ಸುಲಭವಾಗಿ ಹತ್ತುತ್ತದೆ, ಬೇಗ ನಿಲ್ಲುತ್ತದೆ. ಅಡ್ಡ ನಿಂತ ಲಾರಿಯನ್ನು ಬಳಸಿಕೊಂಡು ಹೋಗಬಲ್ಲದು. ಟ್ರಾಂ ಗಾಡಿಯಾದರೆ ಅದರ ಹಿಂದೆ ಕಾಯುತ್ತಿರಬೇಕು. ದೋಷವಿರುವುದು ನೆಲದಲ್ಲಿ. ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ ೧೯೫೮ರಿಂದ ೧೯೬೦ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ಒಂದು ಸೂತ್ರ ಹೊರಬಿತ್ತು. ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರರಷ್ಟಾಗುತ್ತದೆ. ಭಾರವಾದ ವಾಹನ ದಿನವಿಡೀ ಒಂದೇ ಜಾಡನ್ನು ತುಳಿದರೆ ಡಾಂಬರಿನಲ್ಲಿ ಕೊರಕಲು ಬೀಳದಿರುವುದೆ? ಹಳಿಯಿಲ್ಲದ ಟ್ರಾಂಗೆ ದಾರಿಯನ್ನೇ ಕಟ್ಟಬೇಕಾಗಿಲ್ಲವೆಂದು ನಂಬಿದವರಿಗೆ ಈ ಸೂತ್ರವು ಎಚ್ಚರಿಕೆಯಾಗಬೇಕು.

ಶಾಸ್ತ್ರದ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಹಳಿಯ ಪಕ್ಷದವರ ಪ್ರಬಲವಾದ ವಾದ ಬೇರೆಯೇ ಇದೆ. ಬಸ್ಸಿನ ಮಾರ್ಗವನ್ನು ರಾತ್ರಿ ಬೆಳಗಾಗುವುದರೊಳಗೆ ಬದಲಿಸಬಹುದು. ನೆಲದಲ್ಲಿ ಹೂತ ಹಳಿ ಶಾಶ್ವತ. ಆದುದರಿಂದ ಅದನ್ನು ನಂಬಿ ಮನೆ, ಅಂಗಡಿ, ಕಾರ್ಯಾಲಯಗಳನ್ನು ಕಟ್ಟುವವರು ಮುಂದೆ ಬರುತ್ತಾರೆ ಎಂಬುದು ಅವರ ಮಾತು. ಆದರೆ ನಮ್ಮ ದೇಶದ ಚರಿತ್ರೆ ಈ ಮಾತನ್ನು ಎತ್ತಿ ಹಿಡಿಯುವುದಿಲ್ಲ. ೧೮೯೫ರಲ್ಲಿ ವಿದ್ಯುತ್ ಟ್ರಾಂ ಕಂಡ ಮದರಾಸು ೧೯೫೩ರಲ್ಲಿ ಅದನ್ನು ಕಳೆದುಕೊಂಡಿತು. ದೆಹಲಿಯಲ್ಲಿ ೧೯೬೩ರಲ್ಲಿ, ಮುಂಬಯಿಯಲ್ಲಿ ೧೯೬೪ರಲ್ಲಿ ಟ್ರಾಂ ನಿಂತಿತು. ಉಕ್ಕಿನಲ್ಲಿ ಬರೆದ ವಾಗ್ದಾನವೂ ಮುರಿಯುತ್ತದೆ.

ಹಾಗಾದರೆ ನಗರವನ್ನು ಕಟ್ಟುವುದು ಯಾವುದು? ಪ್ರಯೋಗಶಾಲೆಯಲ್ಲಿ ನಾವು ಒಂದೊಂದು ಅಂಶವನ್ನು ಬದಲಿಸಿ ಫಲವನ್ನು ನೋಡುವಂತೆ ನಾಲ್ಕು ನಗರಗಳನ್ನು ಹೋಲಿಸಿ ನೋಡೋಣ. ಬ್ರೆಜಿಲ್ ದೇಶದ ಕುರಿಟೀಬಾದಲ್ಲಿ ಹಳಿಯಿಲ್ಲ. ೧೯೭೪ರಿಂದ ಅಲ್ಲಿ ಬಸ್ಸುಗಳಿಗೆ ಪ್ರತ್ಯೇಕ ದಾರಿಯಿದೆ. ಎತ್ತರದ ಕಟ್ಟಡಗಳು ಆ ದಾರಿಗಳ ಅಂಚಿನಲ್ಲೇ ಏಳಬೇಕೆಂಬ ನಿಯಮವೂ ಜೊತೆಗೂಡಿತು. ನಗರವು ಆ ದಾರಿಗಳ ಗುಂಟವೇ ಬೆಳೆಯಿತು. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ೨೦೦೧ರಲ್ಲಿ ಟ್ರಾಂ ಬಂದು, ಪಾಳುಬಿದ್ದಿದ್ದ ರೈಲು ಅಂಗಳ ‘ಪರ್ಲ್’ ಎಂಬ ಬಡಾವಣೆಯಾಯಿತು. ಅಲ್ಲಿನ ಟ್ರಾಂ ಬಹುಮಟ್ಟಿಗೆ ಮೋಟಾರು ಕಾರುಗಳ ನಡುವೆಯೇ ಓಡುತ್ತದೆ. ಆದರೆ ನಗರಾಡಳಿತ ಒಂದೊಂದು ಕೆಲಸವನ್ನು ಮುಗಿಸಿದಂತೆಲ್ಲ ಎಕರೆಗೆ ಕಟ್ಟಬೇಕಾದ ಮನೆಗಳ ಕನಿಷ್ಠ ಸಂಖ್ಯೆ ಏರಬೇಕೆಂದು ಭೂಮಾಲೀಕರೊಡನೆ ೧೯೯೭ರಲ್ಲೇ ಕರಾರಾಗಿತ್ತು. ಇನ್ನು ಕಲ್ಕತ್ತೆಯಲ್ಲಿ ೧೯೦೨ರಿಂದಲೂ ವಿದ್ಯುತ್ ಟ್ರಾಂ ಇತ್ತು. ಅದರ ಪ್ರತ್ಯೇಕ ಹಾಸನ್ನು ಹಲವೆಡೆ ರಸ್ತೆಗೆ ಸೇರಿಸಿದ ಮೇಲೆ ಗಾಡಿಗಳು ವಾಹನಗಳ ಗುಂಪಿನಲ್ಲಿ ಸಿಕ್ಕಿಬಿದ್ದವು. ಒಂದು ಪಾರಂಪರಿಕ ಮಾರ್ಗವನ್ನು ಬಿಟ್ಟು ಉಳಿದುವನ್ನು ನಿಲ್ಲಿಸುವುದಾಗಿ ೨೦೨೪ರಲ್ಲಿ ಅಲ್ಲಿನ ಸರಕಾರ ಪ್ರಕಟಿಸಿತು. ಕೊನೆಯದಾಗಿ, ದೆಹಲಿಯಲ್ಲಿ ೨೦೦೮ರಲ್ಲಿ ಬಸ್ಸುಗಳಿಗೆಂದು ಮಾಡಿದ ಪ್ರತ್ಯೇಕ ದಾರಿಯನ್ನು ೨೦೧೬ರಲ್ಲಿ ಕಿತ್ತುಹಾಕಿದರು.

ಗೆದ್ದ ಎರಡು ನಗರಗಳಲ್ಲಿ ಒಂದಕ್ಕೆ ಹಳಿಯಿದೆ, ಇನ್ನೊಂದಕ್ಕಿಲ್ಲ. ಸೋತ ಎರಡರಲ್ಲಿಯೂ ಹಾಗೆಯೇ. ಆದಕಾರಣ ಹಳಿಯನ್ನು ಕಾರಣವೆನ್ನಲಾಗದು. ಗೆದ್ದ ಕಡೆಗಳಲ್ಲಿ ನೆಲದ ಬಳಕೆಯನ್ನು ಕಟ್ಟಿಹಾಕಿದ ಕರಾರೊಂದಿತ್ತು, ಅದನ್ನು ಪಾಲಿಸಿದರು. ಸೋತ ಕಡೆಗಳಲ್ಲಿ ಗಾಡಿಗೆ ಕೊಟ್ಟ ದಾರಿಯನ್ನೇ ಹಿಂದಕ್ಕೆ ಪಡೆದರು.

ಈ ಪಾಠ ನಮ್ಮ ನಾಡಿಗೂ ಅನ್ವಯಿಸುತ್ತದೆ. ಹುಬ್ಬಳ್ಳಿ ಧಾರವಾಡಗಳ ನಡುವೆ ೨೦೧೮ರಲ್ಲಿ ‘ಚಿಗರಿ’ ಬಸ್ಸುಗಳು ಸುಮಾರು ೨೨ ಕಿಲೊಮೀಟರು ಉದ್ದದ ಮಾರ್ಗದಲ್ಲಿ ಓಡಲಾರಂಭಿಸಿದವು. ಅದಕ್ಕಾಗಿ ಜನ ನೆಲ ಬಿಟ್ಟುಕೊಟ್ಟರು. ನೆರಳು ನೀಡುತ್ತಿದ್ದ ಮರಗಳು ಉರುಳಿದವು. ಆ ಪ್ರತ್ಯೇಕ ದಾರಿಯನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆಂಬ ಕೂಗು ಆಗಾಗ ಎದ್ದಿದೆ. ಬೇರೆ ಬಗೆಯ ವಾಹನವನ್ನು ತರುವ ಮಾತೂ ಕೇಳಿಬಂದಿದೆ. ವಾಹನ ಬದಲಾದರೆ ಚಿಂತೆಯಿಲ್ಲ. ದಾರಿ ಹೋಯಿತೆಂದರೆ ಜನರ ತ್ಯಾಗ ಕಾರು ನಿಲ್ಲಿಸುವ ಜಾಗಕ್ಕೆ ಸಮರ್ಪಿತವಾದಂತೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ನಮ್ಮ ಮಧ್ಯಮ ಗಾತ್ರದ ನಗರಗಳು ದುಬಾರಿಯಾದ ಹಳಿಯಿಂದ ಆರಂಭಿಸಬೇಕಾಗಿಲ್ಲ. ಮೊದಲು ಗಟ್ಟಿಯಾದ ಪ್ರತ್ಯೇಕ ದಾರಿಯನ್ನು ನಿರ್ಮಿಸಲಿ. ಅದನ್ನು ಕಾನೂನಿನಿಂದ ಭದ್ರಪಡಿಸಲಿ. ಅದರ ಅಂಚಿನಲ್ಲಿ ಯಾರಿಗೆ, ಎಷ್ಟು ಮನೆಗಳು ಏಳಬೇಕೆಂಬುದನ್ನು, ಅಲ್ಲಿನ ಹಳೆಯ ನಿವಾಸಿಗಳನ್ನು ಮರೆಯದೆ, ಮೊದಲೇ ಗೊತ್ತುಪಡಿಸಲಿ. ಜನಸಂದಣಿ ಬೆಳೆದು ಬಸ್ಸುಗಳಿಗೆ ಮೀರಿದ ದಿನ ಅದೇ ದಾರಿಯಲ್ಲಿ ಹಳಿ ಹಾಸಬಹುದು. ಆಗ ಉಕ್ಕಿನ ಚಕ್ರದ ಉಳಿತಾಯವೂ ಸಾರ್ಥಕವಾಗುವುದು. ನಾಳೆ ಇಂಜಿನಿಯರುಗಳೂ ನಗರಸಭೆಯ ಸದಸ್ಯರೂ ಆಗಲಿರುವ ವಿದ್ಯಾರ್ಥಿಗಳು ಹೊಸ ವಾಹನದ ಚಿತ್ರವನ್ನು ಕಂಡಾಗ ಅದರ ಚಕ್ರ ಯಾವುದೆಂದು ಮಾತ್ರ ಕೇಳಿ ಸುಮ್ಮನಾಗಬಾರದು. ಅದಕ್ಕೆ ಕೊಟ್ಟ ದಾರಿಯನ್ನು ಕಾಯುವ ಹೊಣೆ ಯಾರದೆಂಬುದನ್ನೂ ಕೇಳಬೇಕು.